ಗ್ಲುಯಿನೋ ಸಿಗಲಿಲ್ಲ, ಸರಿ. ಮುಂದೆ?

ಮಧು: ಮೇಲೆ ನಾನು ಹಾಕಿದ ಲೇಖನ ಓದಿದಿರಾ? ಸೂಪರ್‌ಸಿಮೆಟ್ರಿ (ಪ್ರತಿ ಮೂಲಕಣಕ್ಕೂ ಒಂದು ಜೊತೆಗಾರ ಕಣವಿದೆ ಎನ್ನುವ ಸಿದ್ಧಾಂತ) ಸತ್ತಿದೆ ಎಂದು ಕೊನೆಗೂ ಒಬ್ಬರು ಬಾಯಿಬಿಟ್ಟು ಬರೆದಿದ್ದಾರೆ. ವಾಣಿ, ಇದು ನಿನಗಾಗಿ.

ವಾಣಿ: ಓದಿದೆ. 2 ಟಿಇವಿಗಿಂತ (ಕಣಗಳ ದ್ರವ್ಯರಾಶಿಯ ಅಳತೆ, 1 ಟಿಇವಿ ಎಂದರೆ 1000 ಜಿಇವಿ) ಹಗುರವಾದ ಗ್ಲುಯಿನೋ, ಅಂದರೆ ಗ್ಲುವಾನ್ ಕಣದ ಜೊತೆಗಾರ, ಇಲ್ಲ ಎಂಬ ಒಂದೇ ಮಾತಿನ ಮೇಲೆ ಇಡೀ ಲೇಖನ ನಿಂತಿದೆ. ಆ ಮಿತಿ ಬಂದದ್ದು ಹೇಗೆ? ಗ್ಲುಯಿನೋ ಒಂದೇ ದಾರಿಯಲ್ಲಿ ಕ್ಷಯಿಸುತ್ತದೆ, ಕೊನೆಗೆ ಉಳಿಯುವ ನ್ಯೂಟ್ರಲಿನೋ ಎಂಬ ಇನ್ನೊಂದು ಜೊತೆಗಾರ ಕಣ ತೀರಾ ಹಗುರ ಎಂದು ಇಟ್ಟುಕೊಂಡು. ಎರಡರ ದ್ರವ್ಯರಾಶಿಯೂ ಹತ್ತಿರ ಹತ್ತಿರವಿದ್ದರೆ ಹೊರಬೀಳುವ ಕಣಗಳಲ್ಲಿ ಶಕ್ತಿಯೇ ಇರುವುದಿಲ್ಲ, ಮಿತಿ ಎಷ್ಟೋ ಕೆಳಗಿಳಿಯುತ್ತದೆ. ಲೇಖನದಲ್ಲಿ ಇದರ ಸುಳಿವೂ ಇಲ್ಲ.

ಮಧು: ಇದೇ ನೋಡು ನಿಮ್ಮವರ ವರಸೆ. ಸಿಗದಿದ್ದಾಗಲೆಲ್ಲ ಒಂದು ಹೊಸ ಷರತ್ತು. ಎಲ್ಎಚ್‌ಸಿ (ಜಿನೀವಾ ಬಳಿಯ ಕಣಗಳ ಡಿಕ್ಕಿ ಯಂತ್ರ) ಶುರುವಾಗುವ ಮುನ್ನ ಹಿಗ್ಸ್‌ಗಿಂತ ಮೊದಲೇ ಈ ಜೊತೆಗಾರ ಕಣಗಳು ಸಿಕ್ಕರೂ ಸಿಗಬಹುದು ಎನ್ನುತ್ತಿದ್ದವರು ಯಾರು?

ವಾಣಿ: ಎನ್ನುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ಹಿಗ್ಸ್ ಕಣದ ದ್ರವ್ಯರಾಶಿಗೆ ಟಾಪ್ ಕ್ವಾರ್ಕ್ ಎಂಬ ಭಾರದ ಕಣ ತರುವ ದೊಡ್ಡ ತಿದ್ದುಪಡಿಯನ್ನು ಅದರ ಜೊತೆಗಾರ ಸ್ಟಾಪ್ ವಿರುದ್ಧ ಚಿಹ್ನೆಯಿಂದ ಕಳೆಯುತ್ತದೆ. ಆ ಲೆಕ್ಕ ಕೃತಕ ಹೊಂದಾಣಿಕೆಯಿಲ್ಲದೆ ಸಹಜವಾಗಿ ಹೊಂದಬೇಕಾದರೆ ಸ್ಟಾಪ್ 1 ಟಿಇವಿಗಿಂತ ಬಹಳ ಭಾರವಾಗಿರಬಾರದು.

ಅರವಿಂದ: ನನ್ನ ತಕರಾರು ಗ್ಲುಯಿನೋ ಬಗ್ಗೆ ಅಲ್ಲವೇ ಅಲ್ಲ, ಹಿಗ್ಸ್‌ನ 125 ಜಿಇವಿ ದ್ರವ್ಯರಾಶಿಯ ಬಗ್ಗೆ. ಡಿಮೋಪೌಲೋಸ್ ಮತ್ತು ಜಾರ್ಜೈ 1981ರಲ್ಲಿ ಮುಂದಿಟ್ಟ ಸೂಪರ್‌ಸಿಮೆಟ್ರಿಯ ಕನಿಷ್ಠ ಮಾದರಿಯನ್ನೇ ತೆಗೆದುಕೋ. ಮೊದಲ ಹಂತದ ಲೆಕ್ಕದಲ್ಲಿ, ಅಂದರೆ ತಿದ್ದುಪಡಿಗಳನ್ನು ಸೇರಿಸುವ ಮುನ್ನ, ಅದರ ಹಿಗ್ಸ್‌ಗಳಲ್ಲಿ ಅತಿ ಹಗುರವಾದದ್ದು ಝಡ್ ಬೋಸಾನ್‌ನ 91 ಜಿಇವಿಯನ್ನು ದಾಟುವಂತಿಲ್ಲ. 2012ರಲ್ಲಿ ಸಿಕ್ಕದ್ದು 125. ಆ ಅಂತರ ತುಂಬಲು ಸ್ಟಾಪ್ ಭಾರವಾಗಬೇಕು, ಇಲ್ಲವೇ ಸ್ಟಾಪ್‌ನ ಎರಡು ರೂಪಗಳ ಬೆರಕೆ ವಿಪರೀತ ಹೆಚ್ಚಬೇಕು. ಈಗ ತಾನೇ ನೀನು ಸ್ಟಾಪ್ ಹಗುರವಾಗಿರಬೇಕು ಎಂದೆ. ಒಂದೇ ಒಂದು ಜೊತೆಗಾರ ಕಣವನ್ನು ಹುಡುಕದೆಯೂ ಹಿಗ್ಸ್ ನಿನ್ನನ್ನು ಇಕ್ಕಟ್ಟಿಗೆ ಸಿಲುಕಿಸಿದೆ.

ವಾಣಿ: ಲೇಖನದಲ್ಲಿ ಇರಬೇಕಿದ್ದ ವಾದ ಇದು! ಆದರೆ ಆ ಅಂಕಿ ನನ್ನ ಕಡೆಗೂ ಸಾಕ್ಷಿ ಹೇಳುತ್ತದೆ. ಸ್ಟಾಪ್‌ಗಳು ಟಿಇವಿ ಆಸುಪಾಸಿನಲ್ಲಿದ್ದರೆ ಹಿಗ್ಸ್ ಸುಮಾರು 135 ಜಿಇವಿ ಮೀರದು ಎಂದು ಈ ಮಾದರಿ ಮೊದಲೇ ಹೇಳಿತ್ತು. ಈಗ ಎಲ್ಲರೂ ಒಪ್ಪಿರುವ ಕಣ ಸಿದ್ಧಾಂತ, ಸ್ಟ್ಯಾಂಡರ್ಡ್ ಮಾಡೆಲ್, ತಾನಾಗಿ ಅಂಥ ಗೆರೆ ಎಳೆದಿರಲಿಲ್ಲ. 160 ಬಂದಿದ್ದರೆ ಶ್ರದ್ಧಾಂಜಲಿ ನಾನೇ ಬರೆಯುತ್ತಿದ್ದೆ. ಇನ್ನು ಇಕ್ಕಟ್ಟಿನ ಮಾತು: ಮಾದರಿಗೆ ಸಿಂಗ್ಲೆಟ್ ಎಂಬ ಒಂದು ಹೆಚ್ಚುವರಿ ಕ್ಷೇತ್ರ ಸೇರಿಸಿದರೆ ಮೊದಲ ಹಂತದಲ್ಲೇ ಹಿಗ್ಸ್ ಭಾರವಾಗಬಲ್ಲದು.

ಮಧು: ಈಗಾಗಲೇ ನೂರಕ್ಕೂ ಹೆಚ್ಚು ಹೊಸ ನಿಯತಾಂಕಗಳಿವೆ, ಅದರ ಮೇಲೆ ಇನ್ನೊಂದು ಕ್ಷೇತ್ರ. ಹರಿದಲ್ಲೆಲ್ಲ ತೇಪೆ.

ವಾಣಿ: ಈ ಸಮ್ಮಿತಿ (ಸೂಪರ್‌ಸಿಮೆಟ್ರಿ) ಹೇಗೆ ಮುರಿಯುತ್ತದೆ ಎಂದು ನಮಗೆ ತಿಳಿಯದೆ ಇರುವುದರಿಂದ ಅವು ನೂರಾಗಿವೆ. ಅದು ತಿಳಿದರೆ ಬೆರಳೆಣಿಕೆಗೆ ಇಳಿಯುತ್ತವೆ.

ಅರವಿಂದ: ನೇರವಾಗಿ ಕೇಳುತ್ತೇನೆ. ಏನು ಸಿಗದಿದ್ದರೆ ನೀನು ಕೈಬಿಡುತ್ತೀಯ?

ವಾಣಿ: ಹಿಗ್ಸಿನೋ, ಹಿಗ್ಸ್‌ನ ಜೊತೆಗಾರ. ಅದರ ದ್ರವ್ಯರಾಶಿ ಹಿಗ್ಸ್ ಲೆಕ್ಕದಲ್ಲಿ ಮೊದಲ ಹಂತದಲ್ಲೇ ನೇರವಾಗಿ ಬರುತ್ತದೆ, ಆದ್ದರಿಂದ ಸ್ಟಾಪ್‌ನಂತೆ ದೂರ ತಳ್ಳಿ ಕೂರಲು ಆಗದು. ಡಾರ್ಕ್ ಮ್ಯಾಟರ್ ಪೂರ್ತಿ ಅದೇ ಆಗಿದ್ದರೆ ಅದು ಸುಮಾರು 1.1 ಟಿಇವಿ ಇರಬೇಕು. ಅಷ್ಟರವರೆಗೆ ಜಾಲಾಡಿದ ಮೇಲೂ ಏನೂ ಇಲ್ಲವೆಂದರೆ ಸಹಜತೆಯ ಮಾತನ್ನು ಬಿಡುತ್ತೇನೆ. ಸಮ್ಮಿತಿಯನ್ನಲ್ಲ, ಅದು ಎಷ್ಟೋ ಎತ್ತರದ ಶಕ್ತಿಯಲ್ಲಿ ಮುರಿದಿರಬಹುದು.

ಮಧು: ಎಲ್ಎಚ್‌ಸಿಗೆ 1.1 ಟಿಇವಿ ಹಿಗ್ಸಿನೋ ಎಟುಕುವುದಿಲ್ಲ. ಅಂದರೆ ಇನ್ನೂ ಕಟ್ಟದ ಯಂತ್ರ ತೀರ್ಪು ಕೊಡುವವರೆಗೆ ನಾವು ಬಾಯಿ ಮುಚ್ಚಿಕೊಂಡಿರಬೇಕು!

ವಾಣಿ: ಬಾಯಿ ಮುಚ್ಚಬೇಡ. ಆದರೆ ಆ ಯಂತ್ರ ಕಟ್ಟುವುದೇ ಬೇಡ ಎನ್ನುವವರು ಇಂಥ ಲೇಖನಗಳನ್ನೇ ಎತ್ತಿ ತೋರಿಸುತ್ತಾರೆ. ನನ್ನ ಸಿಟ್ಟು ಅಲ್ಲಿದೆ.

ಮಧು: ಸಿಟ್ಟು ನ್ಯಾಯವಾದದ್ದೇ. ಲೇಖನವನ್ನು ಮಾತ್ರ ಅಳಿಸುವುದಿಲ್ಲ.