ಕ್ಯಾನ್ ಕಂಟ್ರೋಲರ್ ಸ್ಲೀಪ್ ಮೋಡ್: ಬ್ಯಾಟರಿ 8 ದಿನಕ್ಕೇ ಖಾಲಿ, ಅನುಭವ ಇದ್ದವರು ಹೇಳಿ

ತಿಕೋಟಾ ತೋಟ: ನಮಸ್ಕಾರ್ರಿ. ದ್ರಾಕ್ಷಿ ತೋಟದಲ್ಲಿ ಮಣ್ಣಿನ ತೇವ ನೋಡಲು ಎರಡು ಬೋರ್ಡ್ ಇಟ್ಟಿದ್ದೇನೆ. ಪ್ರತಿಯೊಂದರಲ್ಲೂ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಜೊತೆಗೆ ಎಂಸಿಪಿ2515 ಎಂಬ ಕ್ಯಾನ್ ಕಂಟ್ರೋಲರ್ ಚಿಪ್ ಇರುವ ಆ ನೀಲಿ ಮಾಡ್ಯೂಲ್ (ಕ್ಯಾನ್ ಅಂದರೆ ಬೋರ್ಡ್‌ಗಳು ವೈರ್ ಮೇಲೆ ಮಾತಾಡುವ ಒಂದು ಪದ್ಧತಿ). ನಡುವೆ 180 ಮೀಟರ್ ವೈರ್. ಎರಡಕ್ಕೂ ಸೇರಿ ಒಂದೇ 12 ವೋಲ್ಟ್, 7 ಎಎಚ್ ಬ್ಯಾಟರಿ. ನ್ಯಾನೊ ಪವರ್ ಡೌನ್‌ನಲ್ಲಿದೆ, ಅಂದರೆ ಮಲಗಿದೆ, ಆದರೂ 8 ದಿನಕ್ಕೆ ಖಾಲಿ. ಸೋಲಾರ್ ಹಾಕು ಅನ್ನಬೇಡಿ, ಒಂದು ಪ್ಯಾನೆಲ್ ಕಳುವಾಗಿದೆ.

ಉದ್ಯಮಬಾಗ ಫಿಟ್ಟರ್: ಈ ಚಿಪ್ ಜೊತೆ ಒಂದಿಡೀ ದೀಪಾವಳಿ ರಜೆ ಹಾಳು ಮಾಡಿಕೊಂಡವನು ನಾನು. ಫೌಂಡ್ರಿಯ ನೀರಿನ ಟ್ಯಾಂಕ್ ಲೆವೆಲ್ ನೋಡುವ ಕೆಲಸ. ಸ್ಲೀಪ್ ಕಮಾಂಡ್ ಕೊಟ್ಟೆ, ಮಲಗಿತು ಅಂದುಕೊಂಡೆ. ಚಿಪ್ ಯಾವ ಮೋಡ್‌ನಲ್ಲಿದೆ ಅಂತ ಹೇಳುವ ಕ್ಯಾನ್‌ಸ್ಟ್ಯಾಟ್ ರಿಜಿಸ್ಟರ್ ಓದಿದರೆ ಇನ್ನೂ ನಾರ್ಮಲ್! ಕಳಿಸಬೇಕಾದ ಮೆಸೇಜ್ ಬಾಕಿ ಇದ್ದರೆ ಅದು ಮಲಗುವುದೇ ಇಲ್ಲ. ಅದು ಸರಿಹೋಯಿತು, ಆಮೇಲೆ ಎಬ್ಬಿಸುವ ಕಥೆ. ಬಸ್‌ನಲ್ಲಿ, ಅಂದರೆ ಬೋರ್ಡ್‌ಗಳ ನಡುವಿನ ವೈರ್‌ನಲ್ಲಿ, ಸದ್ದಾದರೆ ಏಳುತ್ತದೆ, ಆದರೆ ಎದ್ದು ಕೂರುವುದು ಲಿಸನ್ ಓನ್ಲಿಯಲ್ಲಿ. ಕೇಳುತ್ತದೆ, ಹೂಂ ಅನ್ನುವುದಿಲ್ಲ. ನಾರ್ಮಲ್‌ಗೆ ತರುವ ಸಾಲು ಬರೆಯಲು ನಾನು ಮರೆತಿದ್ದೆ. ಆ ಕಡೆಯ ಬೋರ್ಡ್ ಅಕ್ (ಮೆಸೇಜ್ ಸಿಕ್ಕಿತು ಅನ್ನುವ ಉತ್ತರ) ಸಿಗದೆ ರಾತ್ರಿಯಿಡೀ ಅದೇ ಮೆಸೇಜ್ ಕೂಗುತ್ತಲೇ ಇತ್ತು. ಬೆಳಿಗ್ಗೆ ಬ್ಯಾಟರಿ ಸತ್ತಿತ್ತು, ₹1,150 ಹೋಯಿತು. ಎಬ್ಬಿಸುವ ಮೊದಲ ಮೆಸೇಜ್ ಹೇಗೂ ಕಳೆದುಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮುಧೋಳ ಕಬ್ಬು: ಇದಕ್ಕೇ ನಾನು ಕ್ಯಾನ್ ಬಿಟ್ಟು ಆರ್‌ಎಸ್485 ಎಂಬ ಇನ್ನೊಂದು ವೈರ್ ಪದ್ಧತಿ ಹಿಡಿದದ್ದು. ಮೊದಲು ಅದರ ಮ್ಯಾಕ್ಸ್485 ಚಿಪ್ ಹಾಕಿದ್ದೆ, ಸುಮ್ನೆ ಕೂತರೂ 300 ಮೈಕ್ರೋ ಆಂಪಿಯರ್. ಮ್ಯಾಕ್ಸ್487 ಹಾಕಿದೆ, ಶಟ್‌ಡೌನ್‌ನಲ್ಲಿ 0.1 ಮೈಕ್ರೋ. ಆದರೂ ಮೀಟರ್ ಮೂರೂವರೆ ಮಿಲಿ ಆಂಪಿಯರ್ ತೋರಿಸುತ್ತಿತ್ತು! ಎರಡು ವಾರ ಹುಡುಕಿದೆ. ಬಯಾಸ್‌ಗೆ (ಸುಮ್ಮನಿರುವ ವೈರನ್ನು ಒಂದು ಮಟ್ಟದಲ್ಲಿ ಹಿಡಿದಿಡಲು) ಹಾಕಿದ 680 ಓಮ್‌ನ ಎರಡು ರೆಸಿಸ್ಟರ್, ನಡುವೆ ವೈರ್‌ನ ತುದಿಗಳಿಗೆ ಹಾಕುವ ಎರಡು 120 ಓಮ್ ಟರ್ಮಿನೇಷನ್ ರೆಸಿಸ್ಟರ್. 5 ವೋಲ್ಟ್ ಹಗಲು ರಾತ್ರಿ ಅದರಲ್ಲೇ ಹರಿದು ಹೋಗುತ್ತಿತ್ತು. ಬಯಾಸನ್ನು ಒಂದು ಪಿನ್‌ನಿಂದ ಆನ್ ಆಫ್ ಮಾಡಿದ ಮೇಲೆ ಈ ಸೀಸನ್ ಪೂರ್ತಿ ಬ್ಯಾಟರಿ ಮುಟ್ಟಿಲ್ಲ.

ಉದ್ಯಮಬಾಗ ಫಿಟ್ಟರ್: ಶಟ್‌ಡೌನ್‌ನಲ್ಲಿ ನಿಮ್ಮ 487ರ ಕಿವಿಯೂ ಬಂದ್ ರೀ. ಎಬ್ಬಿಸೋರು ಯಾರು, ನಿಮ್ಮ ಕಬ್ಬಾ?

ಮುಧೋಳ ಕಬ್ಬು: ಡಿಎಸ್3231 ಗಡಿಯಾರ ಇದೆ, ಬೋರ್ಡ್‌ಗಳು ಗಂಟೆಗೊಮ್ಮೆ ತಾವೇ ಏಳುತ್ತವೆ. ರಾತ್ರಿಯಿಡೀ ಕೂಗಿ ಬ್ಯಾಟರಿ ಕೊಂದವರು ನಾವಲ್ಲ.

ಬೆಳಗಾವಿ ಲ್ಯಾಬ್: ಫಿಟ್ಟರ್ ಅಣ್ಣಾ, ಮೊದಲ ಮೆಸೇಜ್ ಹೇಗೂ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಬಸ್‌ನಲ್ಲಿ ಎರಡೇ ಬೋರ್ಡ್ ಇದ್ದರೆ ಅಕ್ ಕೊಡುವವರೇ ಇಲ್ಲ, ಕಳಿಸುವವನು ತಾನೇ ಮತ್ತೆ ಮತ್ತೆ ಕಳಿಸುತ್ತಾನೆ. ನೀವು ಎದ್ದು ನಾರ್ಮಲ್‌ಗೆ ಬಂದ ಕೂಡಲೇ ಸಿಗುತ್ತದೆ. ಎಚ್ಚರ ಇರುವ ಮೂರನೆಯವನು ಅಕ್ ಕೊಟ್ಟುಬಿಟ್ಟರೆ ಮಾತ್ರ ನಿಮ್ಮದು ಹೋಯಿತು.

ಉದ್ಯಮಬಾಗ ಫಿಟ್ಟರ್: ನನ್ನಲ್ಲಿ ಐದು ಬೋರ್ಡ್ ಇದ್ದವು ತಮ್ಮಾ. ಲ್ಯಾಬ್‌ನಲ್ಲಿ ಎಲ್ಲ ಸಿಗುತ್ತದೆ.

ಬೆಳಗಾವಿ ಲ್ಯಾಬ್: ಐದರಲ್ಲಿ ಒಂದಾದರೂ ಎಚ್ಚರ ಇದ್ದಿದ್ದರೆ ಅಕ್ ಕೊಡುತ್ತಿತ್ತು, ರಾತ್ರಿಯಿಡೀ ಕೂಗುವ ಮಾತೇ ಬರುತ್ತಿರಲಿಲ್ಲ. ಎರಡೂ ಕಥೆ ಒಂದೇ ಬೋರ್ಡಿನವು ಹೇಗಾಗುತ್ತವೆ?

ಉದ್ಯಮಬಾಗ ಫಿಟ್ಟರ್: ಐದಕ್ಕೆ ಐದೂ ಅದೇ ಕೋಡ್. ಸಾಕಾ?

ಜಮಖಂಡಿ ರಿಪೇರಿ: ಜಗಳ ಆಮೇಲೆ. ಆ ನೀಲಿ ಮಾಡ್ಯೂಲ್‌ನಲ್ಲಿ ಕಂಟ್ರೋಲರ್ ಮಲಗಿದರೂ ಪಕ್ಕದ ಟಿಜೆಎ1050 (ವೈರ್ ಮೇಲೆ ಮಾತು ಕಳಿಸುವ, ಕೇಳುವ ಟ್ರಾನ್ಸೀವರ್ ಚಿಪ್) ಮಲಗಲ್ಲ, ಅದಕ್ಕೆ ಸ್ಟ್ಯಾಂಡ್‌ಬೈ ಅನ್ನುವುದೇ ಇಲ್ಲ. ಎಸ್ ಕಾಲು ಇದೆ, ಅದು ಬಾಯಿ ಮುಚ್ಚಿಸುತ್ತದೆ ಅಷ್ಟೇ. ನೀವು ಮಲಗಿಸದ ಕಂಟ್ರೋಲರ್ 5 ಮಿಲಿ, ಟ್ರಾನ್ಸೀವರ್ 5, ನ್ಯಾನೊದ ರೆಗ್ಯುಲೇಟರ್ 5, ಪವರ್ ಎಲ್‌ಇಡಿ 3. ಹದಿನೆಂಟು. ಎರಡು ಬೋರ್ಡ್‌ಗೆ 36. ಬ್ಯಾಟರಿಯ 7 ಎಎಚ್ ಅಂದರೆ ಏಳು ಸಾವಿರ ಮಿಲಿ ಆಂಪಿಯರ್ ಗಂಟೆ, ಅದನ್ನು 36ರಿಂದ ಭಾಗಿಸಿ ನೋಡಿ, 194 ಗಂಟೆ, ಅದೇ ನಿಮ್ಮ 8 ದಿನ. ನಾನು 1050 ತೆಗೆದು ಟಿಜೆಎ1042 ಕೂರಿಸಿದೆ, ಸ್ಟ್ಯಾಂಡ್‌ಬೈನಲ್ಲಿ ಸುಮಾರು 10 ಮೈಕ್ರೋ, ಬಸ್ ಸದ್ದೂ ಕೇಳಿಸುತ್ತದೆ. ಆದರೆ ಬೋರ್ಡ್‌ನಲ್ಲಿ ಸ್ಟ್ಯಾಂಡ್‌ಬೈಗೆ ಕಳಿಸುವ 8ನೇ ಕಾಲು ಗ್ರೌಂಡ್‌ಗೆ ಅಂಟಿದೆ. ಹೊಲಿಗೆ ಸೂಜಿಯಿಂದ ಎತ್ತಿ, ತೆಳು ವೈರ್ ಹಾಕಿ ನ್ಯಾನೊ ಪಿನ್‌ಗೆ ತಂದೆ. ಮೊದಲನೆಯ ಚಿಪ್‌ನ ಕಾಲು ಮುರಿಯಿತು. ಚಿಪ್ ₹140, ಕೊರಿಯರ್ ₹90, ಬೈಗುಳ ಮನೆಯವರಿಂದ ಫ್ರೀ. ಇನ್ನೊಂದು, ಮೀಟರನ್ನು ಮೈಕ್ರೋ ರೇಂಜ್‌ನಲ್ಲಿಟ್ಟು ಎಬ್ಬಿಸಬೇಡಿ. ಬೋರ್ಡ್ ಎದ್ದ ಕೂಡಲೇ ಮೀಟರ್‌ನಲ್ಲೇ ವೋಲ್ಟೇಜ್ ಬಿದ್ದು ರೀಸೆಟ್ ಆಗುತ್ತದೆ. ಕೋಡ್ ತಪ್ಪು ಅಂತ ನಾನು ಮೂರು ದಿನ ತಲೆ ಕೆಡಿಸಿಕೊಂಡಿದ್ದೆ.

ಮುಧೋಳ ಕಬ್ಬು: ಸೂಜಿ, ಕಾಲು, ವೈರ್! 487 ಸಾಕೆಟ್‌ಗೆ ಕೂರಿಸಿದರೆ ಮುಗೀತು.

ಜಮಖಂಡಿ ರಿಪೇರಿ: ಎರಡು ವಾರ ಬಯಾಸ್ ಹುಡುಕಿದವರು ಹೇಳಬೇಕಾದ ಮಾತೇ ಇದು.

ತಿಕೋಟಾ ತೋಟ: ಎಲ್ಲರಿಗೂ ಥ್ಯಾಂಕ್ಸ್ ರೀ. ಸುಲಭದ್ದು ಮೊದಲು ಅಂತ ಎಲ್‌ಇಡಿ ಕಿತ್ತೆ. ಒಂದರಲ್ಲಿ ಅದರ ಜೊತೆ ಟ್ರ್ಯಾಕೂ ಕಿತ್ತು ಬಂತು. ಆ ಬೋರ್ಡ್ ಈಗ ಸೊನ್ನೆ ಮಿಲಿ.

ಜಮಖಂಡಿ ರಿಪೇರಿ: ಫೋಟೋ ಹಾಕಿ. ಕಟಿಂಗ್ ಪ್ಲೈಯರ್‌ನಿಂದ ಕಿತ್ತಿರಾ?