ಫ್ರೇಸರ್ ದ್ವೀಪದ ಮರಳಿನಲ್ಲಿ ಎರಡು ರಾತ್ರಿ: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದ್ದು, ವಿಜಯನಗರದಿಂದ:

ನಾವು ಐದು ಜನ ಗೆಳೆಯರು. ಆಗಸ್ಟ್‌ನಲ್ಲಿ ಬ್ರಿಸ್ಬೇನ್‌ನಲ್ಲಿರುವ ನನ್ನ ಅಕ್ಕನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಒಂದು ವಾರಾಂತ್ಯ ಫ್ರೇಸರ್ ದ್ವೀಪಕ್ಕೆ ಹೋಗಿ, ಶುಕ್ರವಾರ ಮತ್ತು ಶನಿವಾರ ರಾತ್ರಿ ಟೆಂಟ್ ಹಾಕುವ ಆಸೆ. ಫೋರ್ ವೀಲ್ ಡ್ರೈವ್ ಗಾಡಿ ಬಾಡಿಗೆಗೆ ತಗೊಳ್ಳುತ್ತೇವೆ. ಇಬ್ಬರಿಗೆ ಸಕಲೇಶಪುರದ ಕಡೆ ಥಾರ್ ಓಡಿಸಿ ಅಭ್ಯಾಸ ಇದೆ, ಮರಳಿನಲ್ಲಿ ಮಾತ್ರ ಯಾರೂ ಓಡಿಸಿಲ್ಲ. ಏನೇನು ನೋಡಿಕೊಳ್ಳಬೇಕು? ಊಟಕ್ಕೆ ಏನು ಮಾಡಿದಿರಿ? ಡಿಂಗೊ ಅನ್ನುವ ಕಾಡುನಾಯಿ ನಿಜವಾಗಲೂ ಅಪಾಯವಾ?

ಜಯನಗರದಿಂದ:

ದಿನ ಗೊತ್ತು ಮಾಡುವ ಮೊದಲು ಉಬ್ಬರ ಇಳಿತದ ಪಟ್ಟಿ ನೋಡಿ. ಉಳಿದದ್ದೆಲ್ಲ ಆಮೇಲೆ. ನಾವು ರಜೆ ನೋಡಿ ದಿನ ಆರಿಸಿದೆವು, ಕಡಲನ್ನು ಅಲ್ಲಿಗೆ ಹೋದ ಮೇಲೆ ನೋಡಿದೆವು. ಅದೇ ತಪ್ಪಾಯಿತು.

ಯಾಕೆ ಅಂತ ಹೇಳುತ್ತೇನೆ. ಅದು ಪ್ರಪಂಚದ ಅತಿ ದೊಡ್ಡ ಮರಳು ದ್ವೀಪ, ಸುಮಾರು 120 ಕಿ.ಮೀ. ಉದ್ದ. ಡಾಂಬರು ರಸ್ತೆಯನ್ನು ಮರೆತುಬಿಡಿ. ಪೂರ್ವದ ಅಂಚಿನಲ್ಲಿರುವ 'ಸೆವೆಂಟಿ ಫೈವ್ ಮೈಲ್ ಬೀಚ್' ಅಲ್ಲಿನ ಹೆದ್ದಾರಿ. ಸರ್ಕಾರದ ಲೆಕ್ಕದಲ್ಲೇ ಅದು ರಸ್ತೆ. ಸೀಟ್ ಬೆಲ್ಟ್ ಬೇಕು, 80 ಕಿ.ಮೀ. ವೇಗದ ಮಿತಿ ಇದೆ, ಪೊಲೀಸರೂ ಇರುತ್ತಾರೆ. ಚಿಕ್ಕ ವಿಮಾನಗಳು ಕೂಡ ಅಲ್ಲೇ ಇಳಿಯುತ್ತವೆ. ಆದರೆ ಉಬ್ಬರ ಬಂದಾಗ ಆ ಹೆದ್ದಾರಿಯ ಗಟ್ಟಿ ಭಾಗ ನೀರಿನೊಳಗೆ ಹೋಗುತ್ತದೆ. ಉಳಿಯುವುದು ದಿಬ್ಬದ ಪಕ್ಕದ ಒಣ ಮರಳು ಮಾತ್ರ, ಗೋಧಿ ಹಿಟ್ಟಿನಷ್ಟು ಮೆತ್ತಗೆ. ಹಾಗಾಗಿ ಇಳಿತದ ಎರಡು ಗಂಟೆ ಮೊದಲು ಮತ್ತು ಎರಡು ಗಂಟೆ ನಂತರ, ಅಷ್ಟರಲ್ಲೇ ಓಡಾಟ ಮುಗಿಸಬೇಕು.

ನಾವು ದಾರಿಯಲ್ಲಿ ಸಾಮಾನು ಕೊಳ್ಳುತ್ತಾ ತಡ ಮಾಡಿದೆವು. ಇನ್‌ಸ್ಕಿಪ್ ಪಾಯಿಂಟ್‌ನಲ್ಲಿ ಬಾರ್ಜ್ ಹತ್ತಬೇಕು. ಹಿಂದೆ ಸಿಗಂದೂರಿಗೆ ಹೋಗುವಾಗ ಲಾಂಚ್ ಮೇಲೆ ಕಾರು ಹತ್ತಿಸುತ್ತಿದ್ದೆವಲ್ಲ, ಅದೇ ತರಹ. ಹತ್ತು ನಿಮಿಷದಲ್ಲಿ ಆಚೆ ದಡ. ಅಷ್ಟರಲ್ಲಿ ನೀರು ಏರುತ್ತಿತ್ತು. ಐದಾರು ಕಿ.ಮೀ. ಹೋಗುವುದರೊಳಗೆ ಗಾಡಿ ಹೂತುಕೊಂಡಿತು. ಅಲೆಯ ನೊರೆ ಬಲಗಡೆ ಚಕ್ರಕ್ಕೆ ತಾಗಿದಾಗ ನನ್ನ ಕೈ ನಡುಗುತ್ತಿತ್ತು. ಮೀನು ಹಿಡಿಯಲು ಬಂದಿದ್ದ ಇಬ್ಬರು ವಯಸ್ಸಾದವರು ನಿಲ್ಲಿಸಿ, ಸನಿಕೆ ತಂದು, ನಮ್ಮ ಜೊತೆ ಮಂಡಿಯೂರಿ ಮರಳು ತೋಡಿದರು. ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಲೆಕ್ಕ ಸುಲಭ. ದಿನಕ್ಕೆ ಎರಡು ಇಳಿತ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 12 ಗಂಟೆ 25 ನಿಮಿಷ. ಇವತ್ತು 9 ಗಂಟೆಗೆ ಇದ್ದರೆ ನಾಳೆ 9.50ರ ಸುಮಾರಿಗೆ. ನಿಮ್ಮ ಮೂರೂ ದಿನ ಇಳಿತ ಬೆಳಗ್ಗೆ 9ರಿಂದ ಮಧ್ಯಾಹ್ನ 1ರ ಒಳಗೆ ಬೀಳುವ ವಾರ ಹುಡುಕಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇದ್ದರೆ ಉಬ್ಬರ ಇನ್ನೂ ಜೋರು, ನೆನಪಿರಲಿ.

ಮಲ್ಲೇಶ್ವರದಿಂದ:

ಮೇಲಿನವರ ಮಾತು ನೂರಕ್ಕೆ ನೂರು ನಿಜ. ನಾನು ಟೈರ್ ಬಗ್ಗೆ ಹೇಳುತ್ತೇನೆ. ಥಾರ್ ಓಡಿಸಿದವರಿಗೆ ಇದು ಜಾಸ್ತಿ ಮುಖ್ಯ.

ಬೆಂಗಳೂರಿನಲ್ಲಿ ಬಂಕ್‌ಗೆ ಹೋದರೆ 32, 33 ಗಾಳಿ ಹಾಕಿಸುತ್ತೇವೆ. ಅಲ್ಲಿ ಮರಳಿಗೆ ಇಳಿಯುವ ಮೊದಲೇ 18ರ ಹತ್ತಿರ ಇಳಿಸಬೇಕು. ಗಾಳಿ ಇಳಿದರೆ ಟೈರ್ ಉದ್ದಕ್ಕೆ ಹರಡಿ ಕೂರುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ತೇಲಿದ ಹಾಗೆ ಸಾಗುತ್ತದೆ. ಸಿಕ್ಕಿಕೊಂಡ ಮೇಲೆ ಇಳಿಸೋಣ ಅಂತ ಕಾಯಬೇಡಿ. ಗಾಳಿ ಕಮ್ಮಿ ಇರುವಾಗ ಜೋರಾಗಿ ತಿರುಗಿಸಬೇಡಿ, ಟೈರ್ ರಿಮ್ ಬಿಟ್ಟು ಬರಬಹುದು. ವಾಪಸ್ ಡಾಂಬರಿಗೆ ಬಂದ ಕೂಡಲೇ ತುಂಬಿಸಿ, ಅದಕ್ಕೆ ಒಂದು ಕಂಪ್ರೆಸರ್ ಜೊತೆಗಿರಲಿ.

ಕೆಸರಿನಲ್ಲಿ ಆಕ್ಸಿಲರೇಟರ್ ಒತ್ತಿ ಎದ್ದು ಬರುತ್ತೇವಲ್ಲ, ಮರಳಿನಲ್ಲಿ ಅದೇ ಕೆಲಸ ಗುಂಡಿ ತೋಡುತ್ತದೆ. ಚಕ್ರ ಸುಮ್ನೆ ತಿರುಗುತ್ತಿದೆ ಅನ್ನಿಸಿದ ಕ್ಷಣ ಕಾಲು ತೆಗೆಯಿರಿ. ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗಿ ನೋಡಿ. ಆಗದಿದ್ದರೆ ಇಳಿದು ಚಕ್ರದ ಮುಂದೆ ಮತ್ತು ಗಾಡಿಯ ಹೊಟ್ಟೆಯ ಕೆಳಗೆ ಇರುವ ಮರಳು ತೆಗೆಯಿರಿ, ಇನ್ನಷ್ಟು ಗಾಳಿ ಬಿಡಿ, ಚಕ್ರದಡಿ ರಿಕವರಿ ಬೋರ್ಡ್ (ಚಕ್ರಕ್ಕೆ ಹಿಡಿತ ಕೊಡುವ ಹಲಗೆ) ಇಡಿ. ಯಾರಾದರೂ ಎಳೆಯಲು ಬಂದರೆ ಹಿಂದಿನ ಟೋ ಬಾಲ್‌ಗೆ, ಅಂದರೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಉಂಡೆಗೆ, ಪಟ್ಟಿ ಕಟ್ಟಲೇಬೇಡಿ, ದಯವಿಟ್ಟು. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಆಸ್ಟ್ರೇಲಿಯಾದಲ್ಲಿ ಹಾಗೆ ಜನ ಸತ್ತಿದ್ದಾರೆ.

ಇನ್ನೊಂದು. ತೊರೆಗಳು ಬೀಚಿಗೆ ಸೇರುವ ಕಡೆ ನೀರು ಮರಳನ್ನು ಕೊರೆದು ಮೆಟ್ಟಿಲು ಮಾಡಿರುತ್ತದೆ. ದೂರದಿಂದ ಸಪಾಟಾಗಿ ಕಾಣುತ್ತದೆ. ವೇಗದಲ್ಲಿ ಹೋದರೆ ಗಾಡಿ ಎಗರಿ ಪಲ್ಟಿ ಹೊಡೆಯಬಹುದು. ಪ್ರತಿ ತೊರೆಗೂ ನಿಧಾನಿಸಿ. ಭಾರದ ಸಾಮಾನು ಕೆಳಗಿಡಿ, ಛಾವಣಿ ಮೇಲೆ ಬೇಡ.

ಅಭ್ಯಾಸಕ್ಕೆ ಅಂತ ನಮ್ಮ ಕರಾವಳಿಯ ಬೀಚಿಗೆ ಗಾಡಿ ಇಳಿಸಬೇಡಿ. ಅಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಕಣ್ಣೂರಿನ ಮುಳಪ್ಪಿಲಂಗಾಡ್ ಬೀಚಿನಲ್ಲಿ ಸುಮಾರು 4 ಕಿ.ಮೀ. ಗಾಡಿ ಓಡಿಸಬಹುದು, ಆದರೆ ಅದು ಮಾಮೂಲಿ ಕಾರೂ ಹೋಗುವಷ್ಟು ಗಟ್ಟಿ ಮರಳು. ಮೆತ್ತನೆ ಮರಳಿನ ಪಾಠ ಅಲ್ಲಿ ಸಿಗುವುದಿಲ್ಲ.

ಬನಶಂಕರಿಯಿಂದ:

ಬಾಡಿಗೆ ವಿಷಯ. ವಿಮಾನ ನಿಲ್ದಾಣದಲ್ಲಿ ಸಿಗುವ ಎಷ್ಟೋ ಗಾಡಿಗಳನ್ನು ಈ ದ್ವೀಪಕ್ಕೆ ಒಯ್ಯಲು ಬಿಡುವುದಿಲ್ಲ. ದ್ವೀಪಕ್ಕೆಂದೇ ಕೊಡುವವರ ಹತ್ತಿರ ತಗೊಳ್ಳಿ, ಉಪ್ಪು ನೀರಿನ ಹಾನಿಗೆ ವಿಮೆ ಇದೆಯಾ ಅಂತ ಬರಹದಲ್ಲಿ ಕೇಳಿ. ನಮಗೆ ಇರಲಿಲ್ಲ, ಠೇವಣಿಯಲ್ಲಿ ದೊಡ್ಡ ಮೊತ್ತ ಹೋಯಿತು. ಗಾಡಿಯ ಪರ್ಮಿಟ್, ಟೆಂಟ್ ಪರ್ಮಿಟ್ ಎರಡನ್ನೂ ಕ್ವೀನ್ಸ್‌ಲ್ಯಾಂಡ್ ಪಾರ್ಕ್ ಇಲಾಖೆಯಿಂದ ಮೊದಲೇ ಮಾಡಿಸಬೇಕು. ಇಲ್ಲಿನ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು, ಅದೊಂದು ನೆಮ್ಮದಿ.

ಬಸವನಗುಡಿಯಿಂದ:

ತಂಗಿ, ನಾನು ಮಗಳ ಮನೆಯವರ ಜೊತೆ ಹೋಗಿದ್ದೆ. ಡಿಂಗೊ ಬಗ್ಗೆ ಕೇಳಿದ್ದೀಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೋಡಲು ನಮ್ಮ ಬೀದಿ ನಾಯಿಯ ಹಾಗೇ ಇರುತ್ತದೆ. ಅದೇ ತೊಂದರೆ. ನಾಯಿ ಕಂಡರೆ ಬಿಸ್ಕತ್ತು ಹಾಕುವ ಕೈ ನಮ್ಮದು. ಅಲ್ಲಿ ಹಾಕಲೇಬಾರದು, ದೊಡ್ಡ ದಂಡ ಇದೆ. ದಂಡಕ್ಕಿಂತ ಮುಖ್ಯವಾದದ್ದು ಒಂದಿದೆ. ಮನುಷ್ಯರ ಊಟದ ರುಚಿ ಹತ್ತಿದ ಡಿಂಗೊ ಜನರ ಮೇಲೆ ಬೀಳಲು ಶುರು ಮಾಡುತ್ತದೆ, ಆಮೇಲೆ ಅದನ್ನೇ ಕೊಲ್ಲಬೇಕಾಗುತ್ತದೆ. 2001ರಲ್ಲಿ ಒಂಬತ್ತು ವರ್ಷದ ಹುಡುಗ ಅಲ್ಲಿ ಡಿಂಗೊ ದಾಳಿಯಲ್ಲಿ ತೀರಿಕೊಂಡ. ಒಬ್ಬೊಬ್ಬರೇ ಓಡಾಡಬೇಡಿ. ಹತ್ತಿರ ಬಂದರೆ ಓಡಬೇಡಿ, ಬೆನ್ನು ತೋರಿಸಬೇಡಿ. ನೆಟ್ಟಗೆ ನಿಂತು, ಅದನ್ನೇ ನೋಡುತ್ತಾ, ನಿಧಾನಕ್ಕೆ ಹಿಂದೆ ಸರಿಯಿರಿ. ಬೇಲಿ ಇರುವ ಕ್ಯಾಂಪ್ ಜಾಗ ಆರಿಸಿ: ಡಂಡುಬಾರಾ, ಸೆಂಟ್ರಲ್ ಸ್ಟೇಷನ್ ಇವೆ. ಶೌಚಾಲಯವೂ ಇರುತ್ತದೆ.

ಊಟ ಟೆಂಟ್ ಒಳಗೆ ಇಡಬಾರದು. ಎಲ್ಲ ಗಾಡಿಯಲ್ಲಿ, ಗಾಜು ಏರಿಸಿ. ಟೂತ್‌ಪೇಸ್ಟ್ ಸಹ. ನಾನು ಗ್ಯಾಸ್ ಒಲೆಯಲ್ಲಿ ಉಪ್ಪಿಟ್ಟು, ಚಿತ್ರಾನ್ನ ಮಾಡಿದೆ. ಅವಲಕ್ಕಿಗೆ ಚಟ್ನಿಪುಡಿ ಕಲಸಿದರೆ ಒಲೆಯೂ ಬೇಡ. ಇಲ್ಲಿಂದ ಹಸಿ ಕರಿಬೇವು, ಹಣ್ಣು, ಹಾಲಿನ ಸಿಹಿ ತಗೊಂಡು ಹೋಗಬೇಡ, ಆಸ್ಟ್ರೇಲಿಯಾದಲ್ಲಿ ಇಳಿಯುವಾಗಲೇ ಎತ್ತಿಕೊಳ್ಳುತ್ತಾರೆ. ತಿನ್ನುವ ಯಾವುದನ್ನೇ ತಂದಿದ್ದರೂ ಅವರು ಕೊಡುವ ಫಾರಂನಲ್ಲಿ ಬರೆದುಬಿಡು. ಬ್ರಿಸ್ಬೇನ್‌ನಲ್ಲಿ ನಮ್ಮವರ ದಿನಸಿ ಅಂಗಡಿಗಳಿವೆ, ಅಲ್ಲೇ ಕೊಳ್ಳಬಹುದು. ಆಗಸ್ಟ್ ಅಲ್ಲಿ ಚಳಿಗಾಲ, ರಾತ್ರಿಗೆ ಸ್ವೆಟರ್ ಬೇಕೇ ಬೇಕು.

ಮತ್ತೆ ಮಲ್ಲೇಶ್ವರದಿಂದ:

ಬೆಂಕಿ ಬಗ್ಗೆ ಯಾರೂ ಹೇಳಲಿಲ್ಲ. ಕ್ಯಾಂಪ್‌ಫೈರ್ ಆಸೆ ಬಿಟ್ಟುಬಿಡಿ. 2020ರ ಅಕ್ಟೋಬರ್‌ನಲ್ಲಿ ಯಾರೋ ನಿಯಮ ಮೀರಿ ಹಾಕಿದ ಬೆಂಕಿ ಸರಿಯಾಗಿ ಆರಿರಲಿಲ್ಲ. ಅದು ಡಿಸೆಂಬರ್‌ವರೆಗೆ ಉರಿದು ಸುಮಾರು ಅರ್ಧ ದ್ವೀಪವನ್ನೇ ಸುಟ್ಟಿತು. ಮರಳಿನ ಮೇಲೆ ಮಳೆಕಾಡು ಬೆಳೆದಿರುವ ಜಾಗ ಅದು, 1992ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮೂಲನಿವಾಸಿ ಬುಚುಲ್ಲಾ ಜನರ ನೆಲ. 2023ರಿಂದ ಅವರಿಟ್ಟ ಹೆಸರೇ ಅಧಿಕೃತ. ಬರೆಯುವಾಗ ಮುಂದೆ ಒಂದು 'ಕೆ' ಇರುತ್ತದೆ, ಹೇಳುವಾಗ 'ಗರಿ' ಅಂದರೆ ಹತ್ತಿರ. ಸ್ವರ್ಗ ಅಂತ ಅರ್ಥ. ಅಲ್ಲಿನವರ ಮುಂದೆ ಆ ಹೆಸರು ಹೇಳಿ, ಖುಷಿಪಡುತ್ತಾರೆ.

ಯಲಹಂಕದಿಂದ:

ನೋಡುವ ಜಾಗ ಮೂರೇ ಸಾಕು, ಎಲ್ಲ ಮುಟ್ಟಲು ಹೋಗಬೇಡಿ. ಈಲೈ ಕ್ರೀಕ್‌ನ ತಣ್ಣನೆ ನೀರಿನಲ್ಲಿ ತೇಲಿಕೊಂಡು ಕಡಲವರೆಗೆ ಬರಬಹುದು. 1935ರ ಚಂಡಮಾರುತದಲ್ಲಿ ದಡಕ್ಕೆ ಬಿದ್ದ ಮಹೇನೋ ಹಡಗು ಅಲ್ಲೇ ಬೀಚಿನಲ್ಲಿದೆ, ದೂರದಿಂದ ನೋಡಿ, ಹತ್ತಬಾರದು. ಮೆಕೆಂಜಿ ಕೆರೆಯ ಮರಳು ಎಷ್ಟು ಬಿಳಿ ಅಂದರೆ ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಅದರ ದಡಕ್ಕೆ ತಿಂಡಿ ಒಯ್ಯಬಾರದು. ಪೂರ್ವದ ಕಡಲಿನಲ್ಲಿ ಮಾತ್ರ ಈಜಬೇಡಿ. ಸೆಳೆತ ಜೋರು, ಶಾರ್ಕ್ ಇವೆ.

ಕೇಳಿದವರು, ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮ, ನಿಮ್ಮ ಚಟ್ನಿಪುಡಿ ಅವಲಕ್ಕಿ ಖಂಡಿತ ಮಾಡುತ್ತೇನೆ. ರಾತ್ರಿ ಐದೂ ಜನ ಕೂತು ಪಟ್ಟಿ ನೋಡಿದೆವು. ನಾವು ಅಂದುಕೊಂಡಿದ್ದ ಶುಕ್ರವಾರ ಇಳಿತ ಸಂಜೆ 5.30ಕ್ಕೆ. ಬ್ರಿಸ್ಬೇನ್ ಬಿಟ್ಟು ಮಧ್ಯಾಹ್ನ ಬಾರ್ಜ್ ಹತ್ತಿರ ಹೋದರೆ ಸರಿಯಾಗಿ ಉಬ್ಬರ, ನೀರು ಇಳಿಯುವಷ್ಟರಲ್ಲಿ ಕತ್ತಲೆ. ಒಂದು ವಾರ ಮುಂದೆ ಹಾಕಿದರೆ ಶುಕ್ರವಾರ 11, ಶನಿವಾರ 11.50, ಭಾನುವಾರ 12.40ರ ಸುಮಾರು. ಅಕ್ಕನಿಗೆ ಫೋನ್ ಮಾಡಿ ಮುಂದಿನ ವಾರ ಅಂತ ಹೇಳಿದ್ದೇನೆ. ಡಂಡುಬಾರಾದಲ್ಲಿ ಎರಡು ರಾತ್ರಿಗೆ ಜಾಗ ಬುಕ್ ಆಯಿತು.