ಅಪ್ಪನನ್ನು ಮೆದುಳಿನ ಸ್ಕ್ಯಾನ್ ಸಂಶೋಧನೆಗೆ ಸೇರಿಸಬೇಕಾ? ಅನುಭವ ಇರುವವರು ಹೇಳಿ

ಅಪ್ಪನಿಗೆ 68. ಬಲಗೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ. ಪಾರ್ಕಿನ್ಸನ್ ಎಂದು ಡಾಕ್ಟರ್ ಹೇಳಿ ಮಾತ್ರೆ ಶುರು ಮಾಡಿದ್ದಾರೆ. ಈಗ ಅವರೇ ಒಂದು ಸಂಶೋಧನೆಗೆ ಸೇರುತ್ತೀರಾ ಎಂದು ಕೇಳುತ್ತಿದ್ದಾರೆ. ಎಂಆರ್‌ಐ, ಪೆಟ್ ಸ್ಕ್ಯಾನ್ ಎರಡೂ ಇರುತ್ತವಂತೆ. ಅಪ್ಪನಿಗೆ ಆಸೆ, ಅಮ್ಮನಿಗೆ ಭಯ. ಇದರಿಂದ ಅಪ್ಪನಿಗೆ ಏನಾದರೂ ಉಪಯೋಗ ಇದೆಯಾ? ಸಹಿ ಹಾಕುವ ಮುಂಚೆ ಏನೇನು ಕೇಳಬೇಕು?

ಅಮ್ಮನನ್ನು ಮರೆವಿನ ಕಾಯಿಲೆಯ ಸಂಶೋಧನೆಗೆ ಕರೆದುಕೊಂಡು ಹೋಗುತ್ತಿದ್ದವರು:

ಒಂದು ವಿಷಯ ಅಪ್ಪನಿಗೆ ಮೊದಲೇ ಬಿಡಿಸಿ ಹೇಳಿಬಿಡಿ. ಇದು ಚಿಕಿತ್ಸೆ ಅಲ್ಲ. ಎಷ್ಟೋ ಕಡೆ ರಿಪೋರ್ಟ್ ಕೂಡ ಕೈಗೆ ಕೊಡುವುದಿಲ್ಲ. ನಮ್ಮಮ್ಮನ ಸ್ಕ್ಯಾನ್‌ನಲ್ಲಿ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಎಷ್ಟು ದೊಡ್ಡದಿದೆ ಎಂದು ಅಳೆಯುತ್ತಿದ್ದರು. ಹೊಸ ನೆನಪು ಉಳಿಯಬೇಕಾದರೆ ಆ ಭಾಗ ಸರಿಯಾಗಿರಬೇಕು, ಆಲ್ಜೈಮರ್‌ನಲ್ಲಿ ಅದು ಬೇಗ ಕುಗ್ಗುತ್ತದೆ. ಆದರೆ ವಯಸ್ಸಾದ ಎಲ್ಲರಲ್ಲೂ ಅದು ಅಷ್ಟಿಷ್ಟು ಕುಗ್ಗುತ್ತದೆ ಅಲ್ವಾ, ಹಾಗಾಗಿ ನೂರಾರು ಜನರ ಅಳತೆ ಸೇರಿಸಿದಾಗ ಕಾಣುವ ವ್ಯತ್ಯಾಸ ಇಟ್ಟುಕೊಂಡು ಒಬ್ಬರಿಗೆ ಮುಂದೆ ಹೀಗೇ ಆಗುತ್ತದೆ ಎಂದು ಹೇಳಲು ಬರುವುದಿಲ್ಲ. ಅಮ್ಮ ಸ್ಕ್ಯಾನ್ ಮುಗಿಸಿ ಹೊರಗೆ ಬಂದ ತಕ್ಷಣ "ಏನು ಕಾಣಿಸಿತಂತೆ?" ಎಂದು ಕೇಳುತ್ತಿದ್ದರು. ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಅದು ಕಷ್ಟ.

ಹಾಗಂತ ಬೇಡ ಎನ್ನುತ್ತಿಲ್ಲ. ಅಮ್ಮನಿಗೆ ಅಲ್ಲಿಗೆ ಹೋಗುವುದು ಇಷ್ಟವೇ ಇತ್ತು. ಬೇರೆ ಎಲ್ಲ ಕಡೆ ಅವರ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತಿದ್ದೆವು, ಅಲ್ಲಿ ಅವರಿಂದ ಒಂದು ಕೆಲಸ ಆಗುತ್ತಿತ್ತು. ಈ ಒಂದು ಕಾರಣಕ್ಕೇ ನಾನಾದರೆ ಮತ್ತೆ ಕಳಿಸುತ್ತೇನೆ.

ಎಂಆರ್‌ಐ ಯಂತ್ರ ನಡೆಸುವವರು:

ನಿಮ್ಮ ಅಮ್ಮನಿಗೆ ಹೇಳಿ, ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಕಾಂತ ಮತ್ತು ರೇಡಿಯೋ ಅಲೆ ಅಷ್ಟೇ. ಆದರೆ 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) ಯಂತ್ರದ ಕಾಂತ ಭೂಮಿಯದಕ್ಕಿಂತ ಹತ್ತಾರು ಸಾವಿರ ಪಟ್ಟು ಜಾಸ್ತಿ, ಸ್ಕ್ಯಾನ್ ನಡೆಯದಿದ್ದಾಗಲೂ ಅದು ಇದ್ದೇ ಇರುತ್ತದೆ. ಪೇಸ್‌ಮೇಕರ್, ಹಳೇ ಆಪರೇಷನ್‌ನಲ್ಲಿ ಹಾಕಿದ ಕ್ಲಿಪ್, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಹಾರಿದ ಲೋಹದ ಚೂರು, ಯಾವುದನ್ನೂ ಚಿಕ್ಕದು ಎಂದು ಬಿಡದೆ ಹೇಳಬೇಕು. ಹಲ್ಲಿನ ಸೆಟ್, ಕಿವಿಯ ಯಂತ್ರ ತೆಗೆಸುತ್ತೇವೆ.

ಒಳಗೆ ಹೇಗಿರುತ್ತದೆ ಎಂದರೆ, ಮಲಗಿಸಿ ಕಿವಿಗೆ ಪ್ಲಗ್ ಹಾಕುತ್ತೇವೆ, ತಲೆಯ ಎರಡೂ ಕಡೆ ಸ್ಪಂಜು ತುರುಕುತ್ತೇವೆ. ಆಮೇಲೆ ಮುಖದ ಮೇಲೆ ಪ್ಲಾಸ್ಟಿಕ್ ಪಂಜರದಂಥ ಕಾಯಿಲ್ ಬರುತ್ತದೆ. ಅದರಲ್ಲಿ ಪುಟ್ಟ ಕನ್ನಡಿ ಇದ್ದರೆ ಮಲಗಿದಲ್ಲಿಂದಲೇ ಕಾಲಿನ ಕಡೆ ಕಾಣುತ್ತದೆ. ಆ ಕನ್ನಡಿಯಿಂದ ಎಷ್ಟೋ ಜನರ ಉಸಿರುಗಟ್ಟುವ ಭಯ ಕಡಿಮೆಯಾಗುವುದನ್ನು ನೋಡಿದ್ದೇನೆ, ಹಾಕಿಕೊಡಿ ಎಂದು ಕೇಳಿ. ಕೈಗೆ ಒಂದು ರಬ್ಬರ್ ಉಂಡೆ ಕೊಡುತ್ತೇವೆ, ಹಿಚುಕಿದರೆ ನಮಗೆ ಗಂಟೆ ಕೇಳಿಸುತ್ತದೆ. ಸದ್ದು ಮಾತ್ರ ತುಂಬಾ ಜೋರು.

ಪಾರ್ಕಿನ್ಸನ್ ಇರುವವರ ಮನೆಯವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಬೇಕಾ? ಔಷಧದ ಪ್ರಭಾವ ಇಲ್ಲದ ಮೆದುಳು ನೋಡಬೇಕೆಂದು ಕೆಲವು ಸಂಶೋಧನೆಗಳಲ್ಲಿ ಸುಮಾರು 12 ಗಂಟೆ ಲೆವೊಡೊಪ (ಪಾರ್ಕಿನ್ಸನ್‌ಗೆ ಸಾಮಾನ್ಯವಾಗಿ ಕೊಡುವ ಮಾತ್ರೆ) ಬಿಡಿಸುತ್ತಾರೆ. ಬೆಳಿಗ್ಗೆ ಮೈ ಬಿಗಿಯಾಗಿ ಹಾಸಿಗೆಯಿಂದ ಏಳುವುದೇ ಕಷ್ಟವಾಗಬಹುದು. ನಡುಕವೂ ಹೆಚ್ಚುತ್ತದೆ, ತಲೆ ಒಂದೆರಡು ಮಿಲಿಮೀಟರ್ ಅಲ್ಲಾಡಿದರೂ ಚಿತ್ರ ಕೆಡುತ್ತದೆ. ನಿಮ್ಮ ಡಾಕ್ಟರನ್ನು ಕೇಳದೆ ಸುಮ್ನೆ ಮಾತ್ರೆ ಬಿಡಬೇಡಿ. ಸ್ಕ್ಯಾನ್ ಮುಗಿದ ಕೂಡಲೇ ಕೊಡಲು ಮಾತ್ರೆ ಜೊತೆಯಲ್ಲೇ ಇರಲಿ, ಒಬ್ಬರು ಕಾದು ಕೂತಿರಲಿ.

ಸ್ಕ್ಯಾನ್ ಚಿತ್ರಗಳ ಮೇಲೆ ಸಂಶೋಧನೆ ಮಾಡುವವರು:

ಅಪ್ಪನಿಗೆ ನೇರ ಉಪಯೋಗ ಕಡಿಮೆ ಎಂದು ಮೇಲೆ ಹೇಳಿದ್ದು ನಿಜ. ಇಂಥ ಅಪ್ಪಂದಿರಿಂದ ಏನೇನು ತಿಳಿದಿದೆ ಎಂದು ನಾನು ಹೇಳುತ್ತೇನೆ.

ಪಾರ್ಕಿನ್ಸನ್‌ನಲ್ಲಿ ಡೋಪಮಿನ್ (ಕೈಕಾಲು ಸರಾಗವಾಗಿ ಆಡಲು ಮೆದುಳಿಗೆ ಬೇಕಾದ ಒಂದು ರಾಸಾಯನಿಕ) ಕಡಿಮೆಯಾಗುತ್ತದೆ ಎಂಬುದು ಮೊದಲು ತಿಳಿದದ್ದು ತೀರಿಕೊಂಡವರ ಮೆದುಳನ್ನು ಪರೀಕ್ಷೆ ಮಾಡಿ, 1960ರಲ್ಲಿ. ಬದುಕಿರುವವರ ಮೆದುಳಿನಲ್ಲಿ ಅದರ ಜಾಡನ್ನು ಪೆಟ್ ಸ್ಕ್ಯಾನ್‌ನಿಂದ (ಸ್ವಲ್ಪ ವಿಕಿರಣ ಸೂಸುವ ವಸ್ತುವನ್ನು ಮೈಗೆ ಕೊಟ್ಟು ತೆಗೆಯುವ ಚಿತ್ರ) ನೋಡಲು ಆಗಿದ್ದು 1983ರಲ್ಲಿ. ಮಾಮೂಲಿ ಎಂಆರ್‌ಐಯಲ್ಲಿ ಇದು ಕಾಣುವುದಿಲ್ಲ, "ಎಂಆರ್‌ಐ ನಾರ್ಮಲ್, ಹಾಗಾದರೆ ಪಾರ್ಕಿನ್ಸನ್ ಹೇಗೆ?" ಎಂದು ಜನ ಕೇಳುವುದು ಅದಕ್ಕೇ. ಡೋಪಮಿನ್ ನರತುದಿಗಳಿಗೆ ಅಂಟುವ ವಸ್ತುವನ್ನು ಚುಚ್ಚುಮದ್ದಿನಲ್ಲಿ ಕೊಟ್ಟು ತೆಗೆಯುವ ಡ್ಯಾಟ್ ಸ್ಕ್ಯಾನ್‌ನಲ್ಲಿ ಆರೋಗ್ಯವಂತರಲ್ಲಿ ಎರಡು ಅಲ್ಪವಿರಾಮದ ಗುರುತು ಕಂಡರೆ, ಪಾರ್ಕಿನ್ಸನ್ ಇದ್ದವರಲ್ಲಿ ಬಾಲ ಅಳಿಸಿ ಬರೀ ಚುಕ್ಕೆ ಉಳಿಯುತ್ತದೆ. ಸುಮ್ಮನೆ ಕೈ ನಡುಗುವ ಬೇರೆ ಕಾಯಿಲೆಯಿಂದ ಇದನ್ನು ಬೇರ್ಪಡಿಸಲು ಇವತ್ತು ಇದು ಬಳಕೆಯಲ್ಲಿದೆ.

ನನಗೆ ತುಂಬಾ ಇಷ್ಟವಾದ ಕೆಲಸ 2001ರದ್ದು. ಕೆನಡಾದಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ಔಷಧವೇ ಇಲ್ಲದ ಚುಚ್ಚುಮದ್ದು ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರು. ಔಷಧ ಸಿಕ್ಕಿರಬಹುದು ಎಂಬ ನಿರೀಕ್ಷೆಯಿಂದಲೇ ಅವರ ಮೆದುಳು ನಿಜವಾಗಿ ಡೋಪಮಿನ್ ಬಿಟ್ಟಿತ್ತು! ಹೊಸ ಔಷಧ ಪರೀಕ್ಷಿಸುವಾಗ ಹುಸಿ ಔಷಧದ ಗುಂಪು ಯಾಕೆ ಬೇಕೇ ಬೇಕು ಎಂದು ಇದಕ್ಕಿಂತ ಚೆನ್ನಾಗಿ ಯಾವುದೂ ತೋರಿಸಿಲ್ಲ. 2010ರಲ್ಲಿ ಶುರುವಾದ ಪಿಪಿಎಂಐ ಎಂಬ ಅಧ್ಯಯನ ಪಾರ್ಕಿನ್ಸನ್ ಇರುವವರನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡುತ್ತಾ ಬಂದಿದೆ, ಆ ಮಾಹಿತಿ ಜಗತ್ತಿನ ಬೇರೆ ಬೇರೆ ಕಡೆಯ ಸಂಶೋಧಕರಿಗೆ ಸಿಗುತ್ತದೆ. ಆದ್ದರಿಂದ ನಿಮ್ಮ ಕಡೆಯವರನ್ನೂ ಕೇಳಿ: ಅಪ್ಪನ ಚಿತ್ರಗಳನ್ನು ಯಾರ ಜೊತೆ ಹಂಚಿಕೊಳ್ಳುತ್ತಾರೆ, ಹೆಸರು ತೆಗೆಯುತ್ತಾರಾ, ಮುಖದ ಆಕಾರ ಅಳಿಸುತ್ತಾರಾ? ಎಂಆರ್‌ಐ ಚಿತ್ರದಿಂದ ಮುಖವನ್ನು ಮತ್ತೆ ಮೂಡಿಸಬಹುದು, ಅದಕ್ಕೆ ಈ ಪ್ರಶ್ನೆ.

ಪೆಟ್‌ನಲ್ಲಿ ವಿಕಿರಣ ಇದೆ. ಹೆಚ್ಚಾಗಿ ಬಳಸುವ ಫ್ಲೋರಿನ್-18 ಎಂಬ ವಿಕಿರಣ ವಸ್ತು ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಮರುದಿನಕ್ಕೆ ಹೆಚ್ಚುಕಡಿಮೆ ಏನೂ ಉಳಿದಿರುವುದಿಲ್ಲ. ಒಟ್ಟು ಎಷ್ಟು ಸಲ ಮಾಡುತ್ತಾರೆ ಎಂದು ಮಾತ್ರ ಕೇಳಿಕೊಳ್ಳಿ.

ರೋಗಿಗಳ ಜೊತೆ ಹೋಲಿಸಲು ಸೇರಿಸಿಕೊಳ್ಳುವ ಆರೋಗ್ಯವಂತರ ಗುಂಪಿನಲ್ಲಿ ಯಾರ ಭಾವ ಸ್ಕ್ಯಾನ್ ಮಾಡಿಸಿಕೊಂಡಿದ್ದರೋ ಅವರು:

ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ಹುಡುಕದೇ ಇದ್ದದ್ದು ಏನಾದರೂ ಕಂಡರೆ ಏನು ಮಾಡುತ್ತಾರೆ? ನಮ್ಮ ಭಾವನ ಮೆದುಳಿನ ರಕ್ತನಾಳದಲ್ಲಿ ಸಣ್ಣ ಉಬ್ಬು ಕಂಡಿತು. ಫೋನ್ ಮಾಡಿ ಅಷ್ಟನ್ನೇ ಹೇಳಿದರು. ಮುಂದೆ ಯಾರನ್ನು ನೋಡಬೇಕು, ಎಷ್ಟು ಬೇಗ, ಏನೂ ಇಲ್ಲ. ಅಕ್ಕ ವಾರಗಟ್ಟಲೆ ನಿದ್ದೆ ಮಾಡಲಿಲ್ಲ. ಆಮೇಲೆ ತಜ್ಞರು ನೋಡಿ, ಈಗ ಆಪರೇಷನ್ ಬೇಡ, ಆಗಾಗ ಸ್ಕ್ಯಾನ್ ಮಾಡಿ ಗಮನಿಸೋಣ ಎಂದರು. ಇಂಥದ್ದು ಕಂಡರೆ ತಿಳಿಸುತ್ತಾರಾ, ಯಾರು ತಿಳಿಸುತ್ತಾರೆ, ಮುಂದಿನ ಪರೀಕ್ಷೆಯ ಖರ್ಚು ಯಾರದು, ಇವೆಲ್ಲ ಒಪ್ಪಿಗೆ ಪತ್ರದಲ್ಲಿ ಬರೆದಿದೆಯಾ ಎಂದು ನೋಡಿ. ತನಗೆ ಗೊತ್ತಾಗಬೇಕಾ ಬೇಡವಾ ಎಂದು ಅಪ್ಪನನ್ನೂ ಕೇಳಿ, ಸಹಿ ಹಾಕುವವರು ಅವರು ತಾನೇ.